ಹಿಂದಕ್ಕೆ ನಡೆದ ದೊರೆ

ದೊರೆ ಬಿದ್ದದ್ದು ಹಿಂದಕ್ಕೆ ನಡೆದದ್ದರಿಂದ. ಎದ್ದದ್ದೂ ಹಿಂದಕ್ಕೆ ನಡೆದೇ. ಆದದ್ದು ಇಷ್ಟು. ಇದರಲ್ಲಿ ನನ್ನ ಕೈಗುಣವೂ ಇಲ್ಲ, ದೇವರ ಪವಾಡವೂ ಇಲ್ಲ. ಇಲ್ಲಿ ಅಮೆರಿಕದಲ್ಲಿ, ಲ್ಯಾನ್‌ಹ್ಯಾಮಿನ ದೇವಸ್ಥಾನದ ಊಟದ ಸಾಲಿನಲ್ಲಿ ಇವತ್ತಿಗೂ ಯಾರಾದರೊಬ್ಬರು, "ಆಂಟಿ, ಮಂತ್ರಿಸಿದ ಎಣ್ಣೆ ಹಚ್ಚಿ ಇಂಗ್ಲೆಂಡಿನ ಲಾರ್ಡ್‌ನ ನಡೆಸಿದ್ರಂತಲ್ಲಾ" ಎನ್ನುತ್ತಾರೆ. ಹಚ್ಚಿದ್ದು ನೀಲಗಿರಿ ಎಣ್ಣೆ, ಅದೂ ನನ್ನ ಮಂಡಿಗೆ.

ಹೋದ ವಾರ ಕ್ಲಾರ್ಕ್ಸ್‌ಬರ್ಗಿನ ನಮ್ಮ ಮನೆಯಲ್ಲಿ ಆ ಎಣ್ಣೆಯ ಬಾಟಲಿ ಕೈಜಾರಿ ಒಡೆಯಿತು. ಮೊಮ್ಮಗಳು ಮೂಗು ಹಿಡಿದುಕೊಂಡು, "ಅಜ್ಜೀ, ಇಟ್ ಸ್ಟಿಂಕ್ಸ್!" ಎಂದು ಮಹಡಿಗೆ ಓಡಿದಳು. ಕಾರ್ಪೆಟ್ ಒರೆಸುತ್ತ ಕೂತವಳಿಗೆ ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿ ಇಡಿಯಾಗಿ ನೆನಪಿಗೆ ಬಂತು. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಪವಾಡದ ಕಥೆ ಬೆಳೆಯುವುದಕ್ಕಿಂತ ನನ್ನ ಸೊಟ್ಟ ಅಕ್ಷರವೇ ವಾಸಿ ಎಂದು ಬರೆಯುತ್ತಿದ್ದೇನೆ.

ಆಗ ನಾವು ಶ್ಯಾಂಟಿಲಿಯಲ್ಲಿ ಬಾಡಿಗೆಗೆ ಇದ್ದೆವು. ಅಳಿಯನಿಗೆ ವಾರವೆಲ್ಲ ಅಟ್ಲಾಂಟಾದಲ್ಲಿ ಕೆಲಸ. ಶುಕ್ರವಾರ ವಿಮಾನ ಹತ್ತಿ ಬಂದು ಶನಿವಾರ ಮಧ್ಯಾಹ್ನದವರೆಗೆ ಮಲಗುತ್ತಿದ್ದ. ಮಗಳು ಶಾರದಾಗೆ ಪಿ.ಟಿ. ಕೆಲಸ. ಬಿದ್ದು ಮೂಳೆ ಮುರಿದುಕೊಂಡವರ ಮನೆಗೇ ಹೋಗಿ, ಅವರನ್ನು ಮತ್ತೆ ನಡೆಯುವಂತೆ ಮಾಡುವುದು. ಶನಿವಾರ ಬೆಳಿಗ್ಗೆ ಅಂಥ ಒಂದು ಮನೆ ಮುಗಿಸಿ ನನ್ನನ್ನು ಲ್ಯಾನ್‌ಹ್ಯಾಮಿಗೆ ಕರೆದೊಯ್ಯುತ್ತಿದ್ದಳು. ಅವಳು ಒಳಗೆ ಇರುವಷ್ಟು ಹೊತ್ತು ನಾನು ಕಾರಿನಲ್ಲಿ ಕೂತಿರಬೇಕು.

ಫೆಬ್ರವರಿ ತಿಂಗಳು. ರಸ್ತೆಬದಿಯ ಹಿಮ ಕರಗಿ, ಮತ್ತೆ ಗಟ್ಟಿಯಾಗಿ, ಕೊಳಕು ಉಪ್ಪಿನ ಗುಡ್ಡೆಯ ಹಾಗೆ ಬಿದ್ದಿತ್ತು. ನಮ್ಮ ಬೇಸ್‌ಮೆಂಟಿಗೆ ನೀರು ನುಗ್ಗಿ ಹನ್ನೆರಡು ದಿನವಾಗಿತ್ತು. "ಲ್ಯಾಂಡ್‌ಲಾರ್ಡ್‌ಗೆ ಕಾಲ್ ಮಾಡಿದೀನಿ ಅಮ್ಮಾ, ಬರ್ತಾರೆ" ಎಂದು ಶಾರದಾ ದಿನಾ ಹೇಳುತ್ತಿದ್ದಳು. ಒಂದು ನರಪಿಳ್ಳೆಯೂ ಬರಲಿಲ್ಲ. ಆ ಶನಿವಾರ ಕಾರು ಹತ್ತುವಾಗ, "ಇವತ್ತು ಫಸ್ಟ್ ಲಾರ್ಡ್ ಮನೆ. ನೀನು ಕಾರಲ್ಲೇ ಕೂತ್ಕೋ, ಪ್ಲೀಸ್" ಎಂದಳು. ಅವಸರಕ್ಕೆ ಲ್ಯಾಂಡ್ ಬಿಟ್ಟು ಬರೀ ಲಾರ್ಡ್ ಅಂದಿದ್ದಾಳೆ ಎಂದುಕೊಂಡೆ.

ಪಶ್ಚಿಮಕ್ಕೆ ಮುಕ್ಕಾಲು ಗಂಟೆ ಹೋದರೆ ಕುದುರೆ ಸಾಕುವವರ ಸೀಮೆ. ಬಿಳಿ ಬೇಲಿ, ಕಣ್ಣು ಹಾಯುವಷ್ಟು ದೂರ ಒಬ್ಬರದೇ ಹುಲ್ಲುಗಾವಲು. ಇಷ್ಟೆಲ್ಲ ಇಟ್ಟುಕೊಂಡವನಿಗೆ ನಮ್ಮದೊಂದು ಬೇಸ್‌ಮೆಂಟ್ ರಿಪೇರಿ ಮಾಡಿಸಲು ದಾಡಿಯೇ? ಐದು ನಿಮಿಷ ಕಾರಿನಲ್ಲಿ ಕುದ್ದೆ. ಆಮೇಲೆ ಶಾಲು ಹೊದ್ದು ಒಳಗೆ ನುಗ್ಗಿದೆ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಉದ್ದ ಮೂಗಿನ, ಎಂಬತ್ತರ ಹತ್ತಿರದ ಮುದುಕರೊಬ್ಬರು ಕೂತಿದ್ದರು. ಮುಂದೆ ವಾಕರ್, ಪಕ್ಕದಲ್ಲಿ ಶಾರದಾ.

"ವಾಟರ್!" ಎಂದೆ. "ಟ್ವೆಲ್ವ್ ಡೇಸ್ ವಾಟರ್! ಯು ಲಾರ್ಡ್! ನೋ ಶೇಮ್?"

ಶಾರದಾಳ ಮುಖ ಬಿಳಿಚಿಕೊಂಡಿತು. "ಅಯ್ಯೋ ಅಮ್ಮಾ, ಇವರು ಆ ಲಾರ್ಡ್ ಅಲ್ಲ!"

ಮುದುಕರು ಕೈಯೆತ್ತಿ ಅವಳನ್ನು ಸುಮ್ಮನಿರಿಸಿದರು. ಮೂಗರಳಿಸಿ ನನ್ನ ಕಡೆಯಿಂದ ಬರುತ್ತಿದ್ದ ನೀಲಗಿರಿ ಎಣ್ಣೆಯ ವಾಸನೆ ಹಿಡಿದರು. "ಯಾವ ಕುದುರೆಗೆ ಕಾಲು ಉಳುಕಿದೆ?" ಎಂದು ಕೇಳಿದರು. ಶಾರದಾ ತಡವರಿಸುತ್ತ ಕನ್ನಡ ಮಾಡಿದಳು; ಕುದುರೆಗಳ ಕಾಲಿಗೂ ಅಂಥದೇ ಎಣ್ಣೆ ತಿಕ್ಕುತ್ತಾರಂತೆ. ನನ್ನ ಮಂಡಿ ತೋರಿಸಿದೆ. ತಲೆಯಾಡಿಸಿ, ಬಹಳ ಗಂಭೀರವಾಗಿ ಎರಡನೇ ಪ್ರಶ್ನೆ ಕೇಳಿದರು: "ನೀರು ಎಷ್ಟು ಎತ್ತರ ನಿಂತಿದೆ? ಬಂದದ್ದು ಛಾವಣಿಯಿಂದಲೋ, ತಳದಿಂದಲೋ?" ತಳದಿಂದ, ಕಣಕಾಲಿನವರೆಗೆ ಎಂದು ಕೈಯಲ್ಲಿ ತೋರಿಸಿದೆ. "ತಳದಿಂದ ಬಂದರೆ ಕಷ್ಟ. ನನ್ನನ್ನು ಕ್ಷಮಿಸಬೇಕು" ಎಂದರು, ಮನೆ ಅವರದೇ ಎಂಬಂತೆ. ಆ ಕ್ಷಣಕ್ಕೆ ಮನುಷ್ಯ ಪರವಾಗಿಲ್ಲ ಎನ್ನಿಸಿತು.

ವಾಪಸು ಬರುವಾಗ ಶಾರದಾ ಅರ್ಧ ದಾರಿ ಬೈದಳು, ಇನ್ನರ್ಧ ದಾರಿ ಅವರ ಕಥೆ ಹೇಳಿದಳು. ಇಂಗ್ಲೆಂಡಿನ ಹಳೇ ಮನೆತನ. ಇಪ್ಪತ್ತೊಂದನೇ ವಯಸ್ಸಿಗೆ ಅಪ್ಪ ಸತ್ತು, ಪದವಿ, ದೊಡ್ಡ ಮನೆ, ನಲವತ್ತು ಒಕ್ಕಲು ಮನೆ ಎಲ್ಲವೂ ತಲೆಯ ಮೇಲೆ ಬಿತ್ತು. ಐವತ್ತು ವರ್ಷ ಎದುರಿಗೆ ಸಿಕ್ಕ ಒಕ್ಕಲಿನವರೆಲ್ಲ ಮೊದಲು ಎತ್ತುತ್ತಿದ್ದದ್ದು ಮನೆ ಸೋರುವ ಮಾತೇ ಅಂತೆ. ಅದಕ್ಕೇ ನನ್ನ ಬೈಗುಳ ಅವರಿಗೆ ಹೊಸದಾಗಿರಲಿಲ್ಲ. ಯುದ್ಧಕ್ಕೆ ಹೋಗಿ ಒಂದು ಕಿವಿ ಕಳೆದುಕೊಂಡು ಬಂದರು. ಲಂಡನ್ನಿನಲ್ಲಿ ದೊರೆಗಳೇ ಕೂರುವ ಸಭೆಯೊಂದಿದೆ; ತಾತ, ಮುತ್ತಾತನ ಜಾಗದಲ್ಲಿ ಇವರೂ ಕನ್ಸರ್ವೇಟಿವ್ ಪಕ್ಷದ ಕಡೆ ಕೂತರು. ಪಕ್ಷದವರು ಇವರನ್ನು ವಿಪ್ ಮಾಡಿದರು.

"ವಿಪ್ ಅಂದ್ರೆ ಚಾವಟಿ ಅಲ್ವೇನೇ?"

"ತೂಕಡಿಸ್ತಾ ಕೂತಿರೋ ಲಾರ್ಡ್‌ಗಳನ್ನ ಎಬ್ಬಿಸಿ ಓಟ್ ಹಾಕೋಕೆ ಕರ್ಕೊಂಡು ಹೋಗೋದಮ್ಮಾ."

"ಕುರಿ ಕಾಯೋದು ಅನ್ನು."

"ಆಮೇಲೆ ಪ್ಯಾಲೆಸ್ಸಲ್ಲಿ ರಾಣಿ ಹತ್ರ ಲಾರ್ಡ್ ಇನ್ ವೇಟಿಂಗ್ ಆಗಿದ್ರು."

"ಪಾಪ. ಕೊನೇವರ್ಗೂ ಕನ್ಫರ್ಮ್ ಆಗ್ಲೇ ಇಲ್ವಾ?"

ಶಾರದಾ ನಕ್ಕು ನಕ್ಕು ಹೆದ್ದಾರಿಯಿಂದ ಇಳಿಯುವ ತಿರುವನ್ನೇ ಬಿಟ್ಟಳು. ಅದು ರೈಲಿನ ವೇಟಿಂಗ್ ಲಿಸ್ಟ್ ಅಲ್ಲವಂತೆ, ರಾಣಿಯ ಊಳಿಗ. ಪರದೇಶದ ದೊಡ್ಡವರು ಬಂದರೆ ರಾಣಿಯ ಪರವಾಗಿ ವಿಮಾನ ನಿಲ್ದಾಣದಲ್ಲಿ ಮಳೆಯಲ್ಲಿ ನಿಂತು ಕರೆದುಕೊಳ್ಳಬೇಕು. ರಾಣಿಯ ಸನ್ನಿಧಿಯಿಂದ ಹೊರಡುವಾಗ ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಬಾಗಿಲು ದಾಟಬೇಕು. ಹೋದ ಕ್ರಿಸ್‌ಮಸ್‌ಗೆ ವರ್ಜೀನಿಯಾದಲ್ಲಿರುವ ಮಗಳು ಕ್ಯಾರೊಲೈನ್ ಮನೆಗೆ ಬಂದಾಗ, ನೆಂಟರು ತೋರಿಸಿ ತೋರಿಸಿ ಎಂದು ದುಂಬಾಲು ಬಿದ್ದರಂತೆ. ಇವರು ಹಿಂದಕ್ಕೆ ನಡೆದು ತೋರಿಸುತ್ತಿರುವಾಗ ಹಿಂದೆ ನಾಯಿ ಮಲಗಿತ್ತು. ಸೊಂಟದ ಕೀಲು ಮುರಿಯಿತು.

ಊರಿಗೆ ಹೋಗಲು ಅವರಿಗೆ ಕಾರಣವೂ ಇತ್ತು, ಅವಸರವೂ ಇತ್ತು. ಅಲ್ಲಿಯ ಹೊಸ ಸರ್ಕಾರ ವಂಶದಿಂದ ಜಾಗ ಪಡೆದ ದೊರೆಗಳನ್ನು ಆ ಸಭೆಯಿಂದ ಕಳಿಸುವ ಕಾನೂನು ತರುತ್ತಿತ್ತು. ನವೆಂಬರಿನ ಹೊತ್ತಿಗೆ ಮುಗಿಯಬಹುದು ಎನ್ನುತ್ತಿದ್ದರು. ಬಾಗಿಲು ಮುಚ್ಚುವ ಮುಂಚೆ ಒಂದು ಸಲ ಹೋಗಿ ತನ್ನ ಜಾಗದಲ್ಲಿ ಕೂತು ಬರಬೇಕು, ಅದೂ ತನ್ನ ಕಾಲ ಮೇಲೆ. ಗಾಲಿಕುರ್ಚಿಯಲ್ಲಿ ತಳ್ಳಿಸಿಕೊಂಡು ಹೋಗುವುದಿಲ್ಲ ಎಂದು ಅವರ ಹಟ. ಕ್ಯಾರೊಲೈನ್ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು: "ಅಕ್ಟೋಬರ್ ಮುಗಿಯುವುದರೊಳಗೆ ಕೋಲು ಹಿಡಿದು ಮೂವತ್ತು ಹೆಜ್ಜೆ ನಡೆದು ತೋರಿಸಿ. ಇಲ್ಲದಿದ್ದರೆ ವಿಮಾನವಿಲ್ಲ."

ಮುಂದಿನ ಶನಿವಾರ ದೊರೆಯೇ, "ಆ ಸೋರುವ ಮನೆಯ ಹೆಂಗಸು ಎಲ್ಲಿ?" ಎಂದರಂತೆ. ಕಾರಿನಿಂದ ನನಗೆ ಬಿಡುಗಡೆಯಾಯಿತು.

ಎರಡು ತಿಂಗಳು ನೋಡಿದೆ. ಮೂಳೆ ಕೂಡಿಕೊಂಡಿತ್ತು, ಧೈರ್ಯ ಕೂಡಿಕೊಂಡಿರಲಿಲ್ಲ. ಶಾರದಾ "ಒನ್ ಸ್ಟೆಪ್, ಸರ್" ಎನ್ನುವಳು. ದೊರೆ ಕಾಲೆತ್ತುವರು, ಎತ್ತಿದ ಕಾಲು ಗಾಳಿಯಲ್ಲೇ ನಿಂತು ನಡುಗುವುದು. ಬೆವರು ಒರೆಸಿಕೊಂಡು ಕೂತುಬಿಡುವರು. ಹೊರಗೆ ಹುಲ್ಲು ಹಸುರಾಗಿ, ಬೇಲಿಯಾಚೆ ಮರಿಗುದುರೆಗಳು ಹುಟ್ಟಿದ ದಿನವೇ ಎದ್ದು ಓಡುತ್ತಿದ್ದವು. ದೊರೆ ಅದನ್ನು ನೋಡಲಾರದೆ ಕಿಟಕಿಯ ಪರದೆ ಎಳೆಸಿದರು.

ಏಪ್ರಿಲಿನಲ್ಲಿ ಒಂದು ದಿನ, ಹೊರಡೋಣ ಎಂದು ನಾನು ಎದ್ದೆ. ಹೆಂಗಸು ಎದ್ದರೆ ತಾವೂ ಏಳುವುದು ಅವರ ಪದ್ಧತಿ. ಎದ್ದವರು, ನನಗೆ ದಾರಿ ಬಿಡಲೆಂದು ವಾಕರ್ ಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಇಟ್ಟರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅವರಿಗೆ ಅದು ಗೊತ್ತೇ ಆಗಲಿಲ್ಲ. ನಾನು ಅವರ ಹಿಮ್ಮಡಿ ನೋಡಿದೆ: ಮೊದಲು ಹಿಮ್ಮಡಿ ನೆಲವನ್ನು ಮುಟ್ಟಿ ಕೇಳುತ್ತದೆ, ನೆಲ ಹೂಂ ಎಂದ ಮೇಲೆ ಭಾರ ಬೀಳುತ್ತದೆ.

ಆ ನಡಿಗೆ ನನಗೆ ಗೊತ್ತು. ನಮ್ಮಪ್ಪ ಮೈಸೂರಿನಲ್ಲಿ ಅರಮನೆಯ ಊಳಿಗದವರು. ದರ್ಬಾರಿನಲ್ಲಿ ತಾಂಬೂಲದ ತಟ್ಟೆ ಹಿಡಿದು ಮಹಾರಾಜರ ಹತ್ತಿರ ಹೋಗಿ, ಹಿಂದಕ್ಕೆ ನಡೆದೇ ಬರಬೇಕು. ದಸರಾ ಬಂತೆಂದರೆ ಮನೆಯ ಪಡಸಾಲೆಯಲ್ಲಿ ತಟ್ಟೆಯ ಮೇಲೆ ನೀರು ತುಂಬಿದ ಲೋಟ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದರು. ನಾವು ಮಕ್ಕಳು ದಾರಿಯಲ್ಲಿ ಬೇಕೆಂದೇ ಚೆಂಡು ಇಡುತ್ತಿದ್ದೆವು. ಹಿಮ್ಮಡಿಗೆ ಚೆಂಡು ತಗುಲಿದರೆ ತಿರುಗಿ ನೋಡದೆ ಪಕ್ಕಕ್ಕೆ ಸರಿಸಿ ಮುಂದಿನ ಹೆಜ್ಜೆ ಇಡುತ್ತಿದ್ದರು. ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ.

"ಶಾರದಾ, ಇವರಿಗೆ ಮುಂದಕ್ಕೆ ಬಾ ಅನ್ಬೇಡ. ಹಿಂದಕ್ಕೆ ಕಳ್ಸು."

"ಅಮ್ಮಾ, ಹುಚ್ಚಾ ನಿಂಗೆ? ಹಿಂದಕ್ಕೆ ನಡೆದೇ ಬಿದ್ದಿರೋದು! ನನ್ನ ಲೈಸೆನ್ಸ್ ಹೋಗತ್ತೆ."

"ಬಿದ್ದಿದ್ದು ನಾಯಿ ಇದ್ದಿದ್ದಕ್ಕೆ. ನಾಯೀನ ಹೊರಗೆ ಕಟ್ಟು."

ಅವಳು ಒಂದು ವಾರ ನನ್ನ ಜೊತೆ ಜಗಳವಾಡಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡಿದಳು. ಹಿಂದಕ್ಕೆ ನಡೆಸುವುದು ಅವರ ಓದಿನಲ್ಲಿಯೂ ಇದೆಯಂತೆ, ಸೊಂಟಕ್ಕೆ ಪಟ್ಟಿ ಕಟ್ಟಿ ಹಿಡಿದುಕೊಂಡರೆ ಆಯಿತು ಎಂದರಂತೆ. ಬೈಗುಳ ನನಗೆ, ಬುದ್ಧಿವಂತಿಕೆ ಡಾಕ್ಟರಿಗೆ. ಇರಲಿ.

ದೊರೆಗೆ ಹೇಳಿದಾಗ ಅವರ ಕಣ್ಣು ಮಿನುಗಿತು. ಆದರೆ ಬರಿಯ ಗೋಡೆಯ ಮುಂದಿನಿಂದ ಹಿಂದೆ ಸರಿಯಲು ಅವರಿಗೆ ಬಾರದು, ಎದುರಿಗೆ ಒಬ್ಬರು ಕೂತಿರಬೇಕು. ಉದ್ದ ಪಡಸಾಲೆಯ ಒಂದು ತುದಿಯಲ್ಲಿ ಎತ್ತರದ ಕುರ್ಚಿ ಹಾಕಿಸಿ ನನ್ನನ್ನು ಕೂರಿಸಿದರು. ಶನಿವಾರದ ಹೊತ್ತು ಸುಮ್ಮನೆ ಹಾಳಾಗಬಾರದೆಂದು ನಾನು ಮಡಿಲಲ್ಲಿ ಬೆಳ್ಳುಳ್ಳಿ ಇಟ್ಟುಕೊಂಡಿದ್ದೆ.

"ರಾಣಿ ಬೆಳ್ಳುಳ್ಳಿ ಸುಲಿಯುವುದಿಲ್ಲ" ಎಂದರು ದೊರೆ.

"ಸುಲಿದಿದ್ರೆ ರಾಜ್ಯ ಉಳೀತಿತ್ತು ಅಂತ ಹೇಳು" ಎಂದೆ. ಶಾರದಾ ಹೇಳಿದಳು. ದೊರೆ ಸೊಂಟ ಹಿಡಿದುಕೊಂಡು ನಕ್ಕರು.

ಬಾಗಿಲು ಎಲ್ಲಿದೆ ಎಂದು ತಿರುಗಿ ನೋಡದೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದೆ. ದೊರೆ ಬಾಯಿಗೆ ಕೈ ಅಡ್ಡ ಹಿಡಿದು ಸಣ್ಣಗೆ ಕೆಮ್ಮಿದರು. ಬಾಗಿಲಲ್ಲಿ ನಿಂತವನು ಹಾಗೆ ಕೆಮ್ಮಿದರೆ ಇನ್ನು ಮೂರು ಹೆಜ್ಜೆ ಎಂದು ಅರ್ಥವಂತೆ. ನಾನು ಬೆಳ್ಳುಳ್ಳಿ ಕೈಬಿಟ್ಟೆ. ಮೈಸೂರಿನಲ್ಲಿಯೂ ಬಾಗಿಲ ಚೋಪದಾರ ಅದನ್ನೇ ಮಾಡುತ್ತಿದ್ದ. ಅವನಿಗೆ ನೆಗಡಿಯಾದ ವರ್ಷ ನಮ್ಮಪ್ಪ ನಾಲ್ಕು ಸಲ ದಾರಿತಪ್ಪಿ ಕಂಬಕ್ಕೆ ಬೆನ್ನು ಕೊಟ್ಟಿದ್ದರು. ಸಮುದ್ರದ ಆಚೆ ಈಚೆ ಒಂದೇ ಕೆಮ್ಮು! ಕೆಮ್ಮುವ ಕೆಲಸವನ್ನೂ ಶಾರದಾಗೇ ಒಪ್ಪಿಸಿದೆವು. ಪಟ್ಟಿ ಹಿಡಿದುಕೊಂಡು ಅವರ ಜೊತೆಯಲ್ಲೇ ಹಿಂದಕ್ಕೆ ಹೋಗುವುದು, ಗೋಡೆ ಹತ್ತಿರ ಬಂದರೆ ಕೆಮ್ಮುವುದು.

ಆ ಬೇಸಿಗೆ ಮಳೆಯೇ ಇಲ್ಲ. ಹುಲ್ಲೆಲ್ಲ ಒಣಗಿ ಕಂಬಳಿಯ ಬಣ್ಣಕ್ಕೆ ತಿರುಗಿತು, ಜೀರುಂಡೆಗಳ ಕೂಗಿಗೆ ತಲೆ ಸಿಡಿಯುತ್ತಿತ್ತು. ಪಡಸಾಲೆಯಲ್ಲಿ ಮಾತ್ರ ನಮ್ಮ ದರ್ಬಾರು ನಡೆದೇ ಇತ್ತು. ಜೂನಿನಲ್ಲಿ ಆರು ಹೆಜ್ಜೆ, ಜುಲೈನಲ್ಲಿ ಹದಿನಾಲ್ಕು. ಹಿಂದಕ್ಕೆ ಹೋದವರು ವಾಪಸು ಬರಲೇಬೇಕಲ್ಲ, ಅವರು ಕೂರುವ ಕುರ್ಚಿ ಇರುವುದು ನನ್ನ ಕಡೆ. ಮೊದಮೊದಲು ವಾಕರಿನಲ್ಲಿ ಬರುತ್ತಿದ್ದರು. ಒಂದು ದಿನ ಏನೋ ಹೇಳಿಕೊಂಡು ನಗುತ್ತ ಕೋಲಿನಲ್ಲೇ ಮುಂದಕ್ಕೆ ಬಂದುಬಿಟ್ಟರು. ಶಾರದಾ ಬಾಯಿ ತೆರೆಯುವುದರೊಳಗೆ ನಾನು ಕಣ್ಣಿನಲ್ಲೇ ಗದರಿದೆ. ಹೊಗಳಿದರೆ ನೆನಪಾಗುತ್ತದೆ, ನೆನಪಾದರೆ ಹೆದರಿಕೆ ಬರುತ್ತದೆ.

ಎಲ್ಲವನ್ನೂ ಕೆಡಿಸಿದವಳೂ ನಾನೇ. ಆಗಸ್ಟಿನ ಕೊನೆಗೆ ಒಂದು ದಿನ ದೊರೆ ಸುಧಾರಿಸಿಕೊಳ್ಳಲು ಕೂತು, "ಏಳು ನೂರು ವರ್ಷದ ಸಭೆ. ಒಂದು ಮಧ್ಯಾಹ್ನದಲ್ಲಿ ನಮ್ಮನ್ನು ಗುಡಿಸಿ ಹಾಕುತ್ತಾರೆ" ಎಂದರು.

"ಇವರನ್ನ ಅಲ್ಲಿ ಕೂರಿಸಿದ್ದು ಯಾರು ಅಂತ ಕೇಳು. ಒಬ್ಬರಾದ್ರೂ ಓಟು ಹಾಕಿದ್ರಾ?"

"ಅಮ್ಮಾ, ಬೇಡ. ನಾನು ಟ್ರಾನ್ಸ್‌ಲೇಟ್ ಮಾಡಲ್ಲ."

ದೊರೆ ಬಿಡಲಿಲ್ಲ, ಒಂದಕ್ಷರ ಬಿಡದೆ ಹೇಳು ಎಂದರು. ಅವಳು ಹೇಳಿದಳು. ಅವರ ಕಿವಿ ಕೆಂಪಾಯಿತು. "ನೀವು ಎಲ್ಲಿ ಓಟು ಹಾಕುತ್ತೀರಿ, ಅಮ್ಮಾ?" ಎಂದು ತಿರುಗಿ ಕೇಳಿದರು.

ಊರು ಬಿಟ್ಟಾಗಿತ್ತು, ಇಲ್ಲಿ ಇನ್ನೂ ಗ್ರೀನ್ ಕಾರ್ಡು. "ಎಲ್ಲೂ ಇಲ್ಲ. ಅದಕ್ಕೇ ನಂಗೆ ಯಾರ ಹಂಗೂ ಇಲ್ಲ. ಯಾರೋ ಕೊಟ್ಟ ಕುರ್ಚಿ, ಇನ್ಯಾರೋ ಕಿತ್ಕೊಂಡ್ರು. ಅದಕ್ಕೆ ಅಳೋದೇನು?"

ಮುಂದಿನ ಎರಡು ಶನಿವಾರ ದೊರೆ ಹಾಸಿಗೆ ಬಿಟ್ಟು ಏಳಲಿಲ್ಲ. ಎರಡು ವಾರ ಮಲಗಿದರೆ ಎಂಬತ್ತರ ಕಾಲು ಕಲಿತದ್ದನ್ನೆಲ್ಲ ಮರೆಯುತ್ತದೆ ಎಂದಳು ಶಾರದಾ. ಅಕ್ಟೋಬರ್ ಮುಗಿಯಲು ಏಳು ವಾರ ಉಳಿದಿತ್ತು. "ನಿನ್ನ ಬಾಯಿಂದ ಅವರ ಲಂಡನ್ ಹೋಯ್ತು" ಎಂದು ಕಾರಿನಲ್ಲಿ ಅತ್ತಳು. ಹೇಳಿದ್ದು ತಪ್ಪು ಎಂದು ನನಗೆ ಅನ್ನಿಸಿರಲಿಲ್ಲ, ಅರ್ಧ ಮಾತ್ರ ಹೇಳಿದೆ ಎನ್ನಿಸಿತ್ತು.

ಸೆಪ್ಟೆಂಬರಿನಲ್ಲಿ ಕೆರೊಲಿನಾ ಕಡೆಯಿಂದ ಬಿರುಗಾಳಿ ಎದ್ದು, ಬೇಸಿಗೆಯೆಲ್ಲ ಬಾರದ ಮಳೆ ಎರಡು ದಿನದಲ್ಲಿ ಸುರಿಯಿತು. ಮರ ಬಿದ್ದ ರಸ್ತೆಗಳನ್ನು ಬಳಸಿಕೊಂಡು ನಾವು ಹೋದೆವು. ನಾನು ಕೇಳದೆ ಕಾಯದೆ ದೊರೆಯ ಕೋಣೆಗೇ ಹೋಗಿ ಮಂಚದ ಪಕ್ಕ ಕೂತೆ.

"ಇಂದಿರಾಗಾಂಧಿ ಕಾಲದಲ್ಲಿ ಸರ್ಕಾರ ಮಹಾರಾಜರಿಗೆ ಕೊಡುತ್ತಿದ್ದ ರಾಜಧನ ನಿಂತಿತು" ಎಂದು ಶುರು ಮಾಡಿದೆ. ಶಾರದಾ ಮಾತು ಮಾತಿಗೂ ಹೇಳುತ್ತ ಬಂದಳು. ಅರಮನೆಯ ಎಷ್ಟೋ ಊಳಿಗದವರನ್ನು ಮನೆಗೆ ಕಳಿಸಿದರು. ನಮ್ಮಪ್ಪನಿಗೆ ಅರವತ್ತೊಂದು. ಕೊನೆಯ ದಿನ ಪೇಟ, ಸೊಂಟಪಟ್ಟಿ ಮಡಿಸಿ ಒಪ್ಪಿಸಿದರು. ಒಳಗೆ ಕೂತಿದ್ದವರಿಗೆ ಕೈಮುಗಿದು, ತಿರುಗಿ, ಬೆನ್ನು ತೋರಿಸಿ ನಡೆದು ಬಂದರು. ಮನೆಗೆ ಬಂದು ಅತ್ತರೇ ಎಂದರೆ ಇಲ್ಲ. ಕಾಲು ತೊಳೆದುಕೊಂಡು ಒಂದು ಮಾತು ಹೇಳಿದರು: "ನಲವತ್ತು ವರ್ಷ ಆ ಬಾಗಿಲಲ್ಲಿ ಹೊರಗೆ ಬಂದಿದೀನಿ ಕಣೇ, ಹೊರಗೆ ಬರೋವಾಗ ಅದು ಹೆಂಗಿರತ್ತೆ ಅಂತ ಇವತ್ತೇ ನೋಡಿದ್ದು. ಸಣ್ಣ ಬಾಗಿಲು."

ದೊರೆ ದಿಂಬಿಗೆ ಒರಗಿ ಎದ್ದು ಕೂತರು. "ಆಮೇಲೆ ಎಷ್ಟು ವರ್ಷ ಬದುಕಿದರು?" ಎಂದು ಕೇಳಿದರು.

"ಹತ್ತೊಂಬತ್ತು. ದಿನಾ ಎರಡು ಹೊತ್ತು ಊಟ, ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತ ನಡಿಗೆ."

ದೊರೆ ಹೊದಿಕೆ ಸರಿಸಿದರು. "ನನ್ನ ಶೂ ಕೊಡಿ" ಎಂದರು ಶಾರದಾಗೆ.

ಆಮೇಲಿನ ಆರು ವಾರ ಅವರು ನನ್ನ ಕುರ್ಚಿ ಕೇಳಲೇ ಇಲ್ಲ. ಪಡಸಾಲೆಯ ಆ ತುದಿಯಿಂದ ಈ ತುದಿಗೆ ಮುಂದಕ್ಕೇ ನಡೆದರು. ಕಾಲು ನಡುಗಿದರೆ ಎರಡು ಹೆಜ್ಜೆ ಹಿಂದಕ್ಕೆ ಇಟ್ಟು, ಧೈರ್ಯ ತಂದುಕೊಂಡು, ಮತ್ತೆ ಮುಂದಕ್ಕೆ. ಅಕ್ಟೋಬರಿನ ಕೊನೆಗೆ ಕ್ಯಾರೊಲೈನ್ ಬಾಗಿಲಲ್ಲಿ ನಿಂತು ಎಣಿಸಿದಳು. ಮೂವತ್ನಾಲ್ಕು. ಅವಳು ಕಣ್ಣೊರೆಸಿಕೊಂಡು ಟಿಕೆಟ್ ತೆಗೆಸಲು ಹೋದಳು.

ನವೆಂಬರಿನ ಒಂದು ಮಧ್ಯಾಹ್ನ ಮೂರು ಗಂಟೆಗೆ ಲಂಡನ್ನಿನಿಂದ ಕ್ಯಾರೊಲೈನಳ ಫೋನ್ ಬಂತು. ಶಾರದಾ ಕೇಳಿಸಿಕೊಳ್ಳುತ್ತ ನನಗೆ ಹೇಳುತ್ತ ಹೋದಳು. ದೊರೆ ಕೋಲು ಹಿಡಿದು ತಾವೇ ನಡೆದು ಹೋಗಿ ತಮ್ಮ ಜಾಗದಲ್ಲಿ ಕೂತರಂತೆ. ಭಾಷಣ ಗೀಷಣ ಏನೂ ಮಾಡಲಿಲ್ಲವಂತೆ. ಎಲ್ಲ ಮುಗಿದ ಮೇಲೆ ಎದ್ದು, ಅಲ್ಲಿದ್ದ ರಾಣಿಯ ಖಾಲಿ ಸಿಂಹಾಸನಕ್ಕೆ ತಲೆಬಾಗಿ, ತಿರುಗಿ, ಬೆನ್ನು ತೋರಿಸಿ ಬಾಗಿಲವರೆಗೆ ಒಬ್ಬರೇ ನಡೆದರಂತೆ. ನನಗೆ ಒಂದು ಮಾತು ಹೇಳಿಕಳಿಸಿದ್ದರು: "ನಿಮ್ಮ ತಂದೆಯವರು ಹೇಳಿದ್ದು ಸರಿ. ಸಣ್ಣ ಬಾಗಿಲು."

"ಅಮ್ಮಾ, ಏನಾದ್ರೂ ಹೇಳ್ತೀಯಾ?" ಎಂದು ಶಾರದಾ ಫೋನು ಚಾಚಿದಳು. ದಿನಾ ನಡೆಯಲು ಹೇಳು ಎಂದೆ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು.

ಮರುದಿನ ಬೆಳಿಗ್ಗೆ, ಶನಿವಾರವಲ್ಲದಿದ್ದರೂ, ಶಾರದಾ ಜೊತೆ ಮನಾಸಸ್‌ಗೆ ಹೋದೆ. ಹೊಸ ಪೇಶಂಟು. ಸ್ಕೂಲ್ ಬಸ್ ಓಡಿಸುತ್ತಿದ್ದ ದಪ್ಪನೆಯ ಹೆಂಗಸು, ಏಣಿಯಿಂದ ಬಿದ್ದು ಮೂರು ತಿಂಗಳಾದರೂ ಕುರ್ಚಿ ಬಿಟ್ಟಿರಲಿಲ್ಲ. "ಇವರನ್ನೂ ಹಿಂದಕ್ಕೆ ನಡೆಸೋಣ್ವಾ ಅಮ್ಮಾ?" ಎಂದು ಶಾರದಾ ಪಿಸುಗುಟ್ಟಿದಳು. ಎಲ್ಲರಿಗೂ ಒಂದೇ ಮಾತ್ರೆ ಏನೇ ಎಂದೆ. ಕಿಟಕಿಯಾಚೆ ಪಕ್ಕದ ಮನೆಯ ನಾಯಿ ಈ ಹೆಂಗಸಿನ ಹೂವಿನ ಪಾತಿಯನ್ನು ಕೆರೆದು ಮಣ್ಣು ಹಾರಿಸುತ್ತಿತ್ತು. "ಡಾಗ್" ಎಂದು ಬೆರಳು ತೋರಿಸಿದೆ. ಹೆಂಗಸು ಧಡಾರನೆ ಎದ್ದಳು. ಶಾರದಾ ಸೊಂಟದ ಪಟ್ಟಿ ಹಿಡಿದು ಹಿಂದೆಯೇ ಓಡಿದಳು. ಹೆಂಗಸು ಕಿಟಕಿಯಲ್ಲಿ ನಿಂತು ನಾಯಿಯ ವಂಶವನ್ನೆಲ್ಲ ಬೈಯುತ್ತಿದ್ದಾಗ, ನಾನು ಅವಳ ಕುರ್ಚಿಯನ್ನು ಸದ್ದಾಗದಂತೆ ಆಚೆಯ ಗೋಡೆಯವರೆಗೆ ಎಳೆದಿಟ್ಟೆ.